ಅಂತರವೋ, ಸಮಯವೋ? ಹೈಬ್ರಿಡ್ ಭತ್ತದ ಬೀಜದ ಗದ್ದೆಗೆ ಕಾವಲು

ಮಂಡ್ಯದ ನಾಲಾ ಬಯಲಿನಲ್ಲಿ ಕೆಆರ್‌ಎಚ್-2 ಎಂಬ ಹೈಬ್ರಿಡ್ ಭತ್ತದ ಬೀಜೋತ್ಪಾದನೆಗೆ ಇಳಿಯುವವರಿಗೆ ಮೊದಲ ಪ್ರಶ್ನೆ ಇದು: ಬೇರೆ ಭತ್ತದ ಪರಾಗವನ್ನು ಅಂತರದಿಂದ ತಡೆಯುವುದೋ, ಸಮಯದಿಂದಲೋ? ಬೀಜ ಕಟ್ಟುವ ಹೆಣ್ಣು ಸಾಲಿಗೆ ಸ್ವಂತ ಪರಾಗವಿಲ್ಲ. ಗಾಳಿ ತಂದದ್ದನ್ನೆಲ್ಲ ಹಿಡಿಯುತ್ತದೆ, ಹೊರಗಿನ ಪರಾಗ ಬಂದರೆ ಬೀಜ ಕಲಬೆರಕೆ.

ಅಂತರವೆಂದರೆ ಬೇರೆ ಭತ್ತದಿಂದ ಸುತ್ತ 100 ಮೀಟರ್. ನೆಚ್ಚಬಹುದು, ಆದರೆ ತುಂಡು ಹಿಡುವಳಿಯಲ್ಲಿ ನೆರೆಯವರ ಒಪ್ಪಿಗೆ ಬೇಕು. ನಡುವೆ 30 ಮೀಟರ್ ಅಗಲ ಎತ್ತರದ ಕಬ್ಬಿದ್ದರೆ ಅದೇ ಗೋಡೆ.

ಸಮಯವೆಂದರೆ ಹೂ ಬಿಡುವುದರಲ್ಲಿ 21 ದಿನಕ್ಕೂ ಹೆಚ್ಚು ವ್ಯತ್ಯಾಸ. ನಾಲೆ ನೀರು ಎಲ್ಲರಿಗೂ ಒಟ್ಟಿಗೇ ಬಂದರೆ ನಾಟಿಯೂ ಒಟ್ಟಿಗೇ, ಲೆಕ್ಕ ಕೆಡುತ್ತದೆ.

ಕಾಡುಭತ್ತ, ಅಂದರೆ ಕಳೆಯಾಗಿ ತಾನೇ ಬೆಳೆಯುವ ಭತ್ತ, ಇದ್ದಲ್ಲಂತೂ ಸಮಯವನ್ನು ನಂಬಲೇಬೇಡಿ. ಅದರ ಗಿಡಗಳು ಒಮ್ಮೆಗೇ ಹೂ ಬಿಡುವುದಿಲ್ಲ, ಕೊಯ್ಲಿಗೆ ಮೊದಲೇ ಕಾಳು ಉದುರಿ ಮಣ್ಣು ಸೇರುತ್ತದೆ. ಬದು, ಕಾಲುವೆ ಅಂಚಿನದನ್ನು ಹೂವಿಗೆ ಮುನ್ನ ಬೇರುಸಹಿತ ಕೀಳಿ. ನಾಟಿಗೆ ಮೊದಲು ಗದ್ದೆಗೆ ತೆಳುವಾಗಿ ನೀರು ಹಾಯಿಸಿ, ಮೊಳೆತದ್ದನ್ನು ಎರಡು ವಾರದ ಬಳಿಕ ಕೆಸರಿನಲ್ಲಿ ಉತ್ತು ಮುಳುಗಿಸಿ.