ಊರಿಂದ ಬಂದ ಅಜ್ಜ-ಅಜ್ಜಿ ಜೊತೆ ಅಮೆರಿಕದ ಮಕ್ಕಳ ಮ್ಯೂಸಿಯಂಗೆ ಹೊರಟಿದ್ದೀರಾ?

ಅಮೆರಿಕದಲ್ಲಿ ನಾವಿರುವ ಊರಿನ ಮ್ಯೂಸಿಯಂನ ಸದಸ್ಯತ್ವದ ಕಾರ್ಡ್ ಇದೆ, ಅದನ್ನೇ ತೋರಿಸಿದರೆ ಬೇರೆ ಊರಿನಲ್ಲೂ ಪುಕ್ಕಟೆ ಒಳಗೆ ಬಿಡುತ್ತಾರೆ ಎಂದು ನಂಬಿ ಹೋದ ಮನೆಯವರು ಕೌಂಟರಿನಲ್ಲಿ ಎಲ್ಲರಿಗೂ ಪೂರ್ತಿ ಟಿಕೆಟ್ ಕೊಳ್ಳಬೇಕಾದದ್ದುಂಟು. ಒಂದು ಕಡೆಯ ಸದಸ್ಯರಿಗೆ ಬೇರೆ ಕಡೆಯೂ ರಿಯಾಯಿತಿ ಕೊಡುವ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ, ಗೊಂದಲವೆಲ್ಲ ಅಲ್ಲೇ. ವಿಜ್ಞಾನ ಕೇಂದ್ರಗಳ ಒಕ್ಕೂಟವಾದ ಎಎಸ್‌ಟಿಸಿಯ ಟ್ರಾವೆಲ್ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯ ಪ್ರವೇಶ ಉಚಿತ. ಆದರೆ ನೀವು ಸದಸ್ಯರಾಗಿರುವ ಕೇಂದ್ರದಿಂದಾಗಲಿ ನಿಮ್ಮ ಮನೆಯಿಂದಾಗಲಿ 90 ಮೈಲಿಯೊಳಗಿನ ಜಾಗಕ್ಕೆ ಅದು ನಡೆಯುವುದಿಲ್ಲ. ಈ 90 ಮೈಲಿಯನ್ನು ನೇರ ಗೆರೆ ಎಳೆದು ಅಳೆಯುತ್ತಾರೆ, ಹಾಗಾಗಿ ಗೂಗಲ್ ಮ್ಯಾಪ್ 110 ಮೈಲಿ ತೋರಿಸಿತು ಎಂದು ಹೊರಡಬೇಡಿ. ಮಕ್ಕಳ ಮ್ಯೂಸಿಯಂಗಳ ಎಸಿಎಂ ಜಾಲದಲ್ಲಿ ಸಿಗುವುದು ಅರ್ಧ ದರ ಮಾತ್ರ, ಅದೂ ಆರು ಜನರವರೆಗೆ. ಕಡಿಮೆ ಬೆಲೆಯ ಮೆಂಬರ್‌ಶಿಪ್‌ಗಳಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ.

ಇನ್ನು 'ಫ್ಯಾಮಿಲಿ' ಎಂದರೆ ಹಲವು ಕಡೆ ಒಂದೇ ವಿಳಾಸದ ಇಬ್ಬರು ದೊಡ್ಡವರು ಮತ್ತು ಅವರ ಮಕ್ಕಳು ಅಷ್ಟೇ. ಆರು ತಿಂಗಳಿಗೆಂದು ಬಂದ ಅಜ್ಜ-ಅಜ್ಜಿ ಆ ಲೆಕ್ಕಕ್ಕೆ ಸೇರುವುದಿಲ್ಲ. ಹೋಗಲಿರುವ ಮ್ಯೂಸಿಯಂಗೆ ಫೋನ್ ಮಾಡಿ, "ಕಾರ್ಡ್ ಒಟ್ಟು ಎಷ್ಟು ಜನ ದೊಡ್ಡವರಿಗೆ ಅನ್ವಯಿಸುತ್ತದೆ?" ಎಂದೇ ಕೇಳಿ. ಕಾರ್ಡಿನ ಜೊತೆ ವಿಳಾಸವಿರುವ ಫೋಟೋ ಐಡಿ ಇರಲಿ.

ದುಡ್ಡು ಹೋದರೆ ಹೋಗಲಿ. ನಿಜವಾದ ಅಪಾಯ ಜಾರುಬಂಡೆಯಲ್ಲಿದೆ. ಒಂದೂವರೆ ವರ್ಷದ ಮೊಮ್ಮಗು ಒಬ್ಬನೇ ಜಾರಲು ಹೆದರುತ್ತದೆ, ಅಜ್ಜ ಪ್ರೀತಿಯಿಂದ ತೊಡೆಯ ಮೇಲೆ ಕೂರಿಸಿಕೊಂಡು ಜಾರುತ್ತಾರೆ. ಮಗುವಿನ ಶೂವಿನ ರಬ್ಬರ್ ಪಕ್ಕದ ಗೋಡೆಗೋ ತಳಕ್ಕೋ ಕಚ್ಚಿಕೊಳ್ಳುತ್ತದೆ. ಮಗು ಒಂಟಿಯಾಗಿದ್ದರೆ ಅಲ್ಲಿಗೇ ನಿಂತುಬಿಡುತ್ತಿತ್ತು. ಹಿಂದೆ ದೊಡ್ಡವರ ಭಾರ ಇರುವುದರಿಂದ ಮೈ ಮುಂದಕ್ಕೆ ಹೋಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ಮೊಣಕಾಲಿನ ಕೆಳಗಿನ ಮೂಳೆ ತಿರುಚಿ ಬಿರುಕು ಬಿಡುತ್ತದೆ. ಬಿಗಿಯಾಗಿ ಹಿಡಿದುಕೊಂಡರೂ ಇದು ತಪ್ಪುವುದಿಲ್ಲ. ಒಬ್ಬನೇ ಜಾರಲಾರದ ಮಗುವಿಗೆ ಆ ಜಾರುಬಂಡೆ ಬೇಡ, ಪುಟ್ಟ ಮಕ್ಕಳ ವಿಭಾಗದ ಗಿಡ್ಡನೆಯದು ಸಾಕು.

ಜಾರಿದ ಮೇಲೆ ಮಗು ಕಾಲೂರಲು ಒಪ್ಪದಿದ್ದರೆ ಎಣ್ಣೆ ಹಚ್ಚಿ ನೀವಬೇಡಿ (ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಡಿ). ಅಂದೇ ವೈದ್ಯರಿಗೆ ತೋರಿಸಿ. ಇಂಥ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, ಹತ್ತು ದಿನ ಕಳೆದು ತೆಗೆದಾಗ ಕಾಣುವುದುಂಟು. ಆದ್ದರಿಂದ ಎಕ್ಸ್‌ರೇ ಸರಿಯಿದ್ದರೂ ಮಗು ಕುಂಟುತ್ತಿದ್ದರೆ ಮತ್ತೆ ಹೋಗಿ.

ಸೋಪಿನ ಗುಳ್ಳೆ ಮಾಡುವ ಜಾಗ ಅಜ್ಜಿಯಂದಿರಿಗೆ ಕಷ್ಟ. ತೊಟ್ಟಿಯ ಸುತ್ತ ರಬ್ಬರ್ ಮ್ಯಾಟ್ ಹಾಸಿದ್ದರೂ ಮಕ್ಕಳ ಕಾಲಿಗಂಟಿದ ಸೋಪುನೀರು ಮ್ಯಾಟ್ ಮುಗಿದ ಮೇಲಿನ ನೆಲಕ್ಕೂ ಹರಡಿರುತ್ತದೆ. ನುಣುಪು ಅಟ್ಟೆಯ ಚಪ್ಪಲಿ, ನೆಲ ಗುಡಿಸುವ ಸೀರೆ ಎರಡೂ ಬೇಡ.

ನೀರಾಟದ ಮೇಜಿನ ಬಳಿ ಕೊಡುವ ಪ್ಲಾಸ್ಟಿಕ್ ಅಂಗಿ ಎದೆಯನ್ನಷ್ಟೇ ಕಾಯುತ್ತದೆ. ತೋಳು, ಕಾಲುಚೀಲ, ಶೂ ನೆನೆದೇ ನೆನೆಯುತ್ತವೆ. ಚಳಿಗಾಲದಲ್ಲಿ ಅದೇ ಒದ್ದೆಯಲ್ಲಿ ಪಾರ್ಕಿಂಗ್‌ವರೆಗೆ ನಡೆಸಬೇಕಾಗುತ್ತದೆ. ಬದಲಿ ಬಟ್ಟೆ ಒಯ್ಯುವವರೂ ಶೂ ಮರೆಯುತ್ತಾರೆ. ನೀರಾಟವನ್ನು ಕೊನೆಗಿಟ್ಟುಕೊಳ್ಳಿ.

ಬುತ್ತಿಯನ್ನು ಊಟಕ್ಕೆಂದು ಗೊತ್ತುಮಾಡಿದ ಜಾಗದಲ್ಲೇ ಬಿಚ್ಚಿ. ಅದಕ್ಕೂ ಮುಂಚೆ ಎಲ್ಲರೂ ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಿ ತೊಳೆಯಲಿ. ವಾಂತಿಭೇದಿ ತರುವ ನೊರೊವೈರಸ್ ಮೇಲೆ ಗೋಡೆಗೆ ತೂಗುಹಾಕಿದ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ.