ನೆಟ್‌ನ್ಯೂಸ್‌ವೈರ್: ಮೊದಲು ಸುದ್ದಿ, ಆಮೇಲೆ ಜಗಳ

ನೆಟ್‌ನ್ಯೂಸ್‌ವೈರ್ ಒಂದು ಫೀಡ್ ರೀಡರ್. ಫೀಡ್ ಅಂದರೆ ಒಂದು ವೆಬ್ ತಾಣ ತನ್ನ ಹೊಸ ಬರಹಗಳನ್ನು ಹಾಕುತ್ತಾ ಹೋಗುವ ಪಟ್ಟಿ. ಮ್ಯಾಕ್, ಐಫೋನ್, ಐಪ್ಯಾಡ್ ಮೂರರಲ್ಲೂ ನಡೆಯುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಜಾಹೀರಾತಿಲ್ಲ, ಹೆಸರು ನೋಂದಾಯಿಸುವ ಕಾಟವೂ ಇಲ್ಲ. ನಿಮಗೆ ಬೇಕಾದ ಪತ್ರಿಕೆಗಳ, ಬರಹಗಾರರ ವೆಬ್ ವಿಳಾಸ ಕೊಟ್ಟರೆ ಸಾಕು. ಅವರು ಹೊಸದಾಗಿ ಬರೆದಿದ್ದನ್ನೆಲ್ಲ ತಂದು ಒಂದೇ ಕಡೆ ಜೋಡಿಸಿಡುತ್ತದೆ. ಅದರ ಕೆಲಸ ಅಷ್ಟೇ. ಟೆಕ್ನಾಲಜಿ, ಮಾಧ್ಯಮ, ರಾಜಕೀಯ ಈ ಮೂರರ ಸುದ್ದಿ ಓದಿ, ಅದರ ಬಗ್ಗೆ ಗಟ್ಟಿಯಾಗಿ ನಾಲ್ಕು ಮಾತಾಡುವ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಆ್ಯಪ್ ನಾನು ಕಂಡಿಲ್ಲ. ನಾನೂ ಅಂಥವಳೇ. ಅಭಿಪ್ರಾಯ ಇಲ್ಲದೆ ಸುದ್ದಿ ಓದಲು ನನಗೆ ಬರುವುದಿಲ್ಲ. ಆದರೆ ಆ ಅಭಿಪ್ರಾಯ ನನ್ನದೇ ಆಗಿರಬೇಕು ಅನ್ನುವುದು ನನ್ನ ಹಟ.

ಸೋಶಿಯಲ್ ಮೀಡಿಯಾದಲ್ಲಿ ಸುದ್ದಿ ಹೇಗೆ ಬರುತ್ತದೆ ನೋಡಿದ್ದೀರಲ್ವಾ? ಮೊದಲು ಕಣ್ಣಿಗೆ ಬೀಳುವುದು ಸುದ್ದಿಯಲ್ಲ, ಆ ಸುದ್ದಿಯ ಮೇಲೆ ಯಾರಿಗೋ ಬಂದ ಸಿಟ್ಟು. ಅದಕ್ಕೆ ಇನ್ನೊಬ್ಬರ ಎದುರೇಟು. ಆ ಎದುರೇಟಿನ ಸ್ಕ್ರೀನ್‌ಶಾಟ್ ಹಾಕಿ ಮತ್ತೊಬ್ಬರ ಕೊಂಕು. ಇದನ್ನೆಲ್ಲ ದಾಟಿ ಮೂಲ ವರದಿಯ ಹತ್ತಿರ ಹೋಗುವ ಹೊತ್ತಿಗೆ ನಾವು ಯಾರ ಕಡೆ ಅನ್ನುವುದು ತೀರ್ಮಾನ ಆಗಿಯೇ ಬಿಟ್ಟಿರುತ್ತದೆ. ಎಷ್ಟೋ ಸಲ ಅಲ್ಲಿಯವರೆಗೆ ಹೋಗುವುದೂ ಇಲ್ಲ. ಟ್ವಿಟರ್ 2016ರಲ್ಲಿ ಟೈಮ್‌ಲೈನನ್ನು ಆಲ್ಗಾರಿದಮ್ ಕೈಗೆ ಕೊಡಲು ಶುರು ಮಾಡಿತು. ಫೇಸ್‌ಬುಕ್ ಅದಕ್ಕೂ ಮುಂಚೆಯೇ ಆ ದಾರಿ ಹಿಡಿದಿತ್ತು. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಅನ್ನುವ ಸಾಲೇ ಅಲ್ಲಿ ತಪ್ಪಿಹೋಯಿತು. ಯಾವುದಕ್ಕೆ ಜನ ಜಾಸ್ತಿ ಕೆರಳುತ್ತಾರೋ ಅದು ಮೇಲಕ್ಕೆ ಬಂತು.

ನೆಟ್‌ನ್ಯೂಸ್‌ವೈರ್‌ನಲ್ಲಿ ಆಲ್ಗಾರಿದಮ್ ಇಲ್ಲ. ಬಂದದ್ದು ಬಂದ ಹೊತ್ತಿನ ಕ್ರಮದಲ್ಲಿ ನಿಲ್ಲುತ್ತದೆ. ಹೇಳಲು ಇದು ಸಣ್ಣ ವಿಷಯ. ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಒಂದು ಪ್ರಕರಣ ಹೇಳುತ್ತೇನೆ.

2024ರ ಅಕ್ಟೋಬರ್ 25. ಅಮೆರಿಕದ ಅಧ್ಯಕ್ಷ ಚುನಾವಣೆಗೆ 11 ದಿನ ಬಾಕಿ. ವಾಷಿಂಗ್ಟನ್ ಪೋಸ್ಟ್‌ನ ಪ್ರಕಾಶಕ ವಿಲಿಯಂ ಲೂಯಿಸ್ ತಮ್ಮದೇ ಪತ್ರಿಕೆಯಲ್ಲಿ ಒಂದು ಟಿಪ್ಪಣಿ ಬರೆದರು. ಈ ಸಲ ಯಾವ ಅಭ್ಯರ್ಥಿಗೂ ಪತ್ರಿಕೆ ಬೆಂಬಲ ಘೋಷಿಸುವುದಿಲ್ಲ, ಮುಂದೆಯೂ ಅಧ್ಯಕ್ಷ ಚುನಾವಣೆಗಳಲ್ಲಿ ಘೋಷಿಸುವುದಿಲ್ಲ, ನಮ್ಮ ಹಳೆಯ ಪದ್ಧತಿಗೆ ಮರಳುತ್ತಿದ್ದೇವೆ ಅಂತ. ಅದೇ ದಿನ ಅದೇ ಪತ್ರಿಕೆಯ ವರದಿಗಾರರು ಇನ್ನೊಂದು ಸುದ್ದಿ ಹಾಕಿದರು. ಕಮಲಾ ಹ್ಯಾರಿಸ್ ಅವರನ್ನು ಬೆಂಬಲಿಸುವ ಸಂಪಾದಕೀಯದ ಕರಡು ಆಗಲೇ ಸಿದ್ಧವಾಗಿತ್ತು, ಅದನ್ನು ಪ್ರಕಟಿಸದಿರುವ ತೀರ್ಮಾನ ಮಾಲೀಕ ಜೆಫ್ ಬೆಜೋಸ್ ಅವರದು ಅಂತ ತಮ್ಮ ಮನೆಯ ಸುದ್ದಿಯನ್ನು ತಾವೇ ಬಯಲಿಗಿಟ್ಟರು. ಆ ವರದಿಗಾರರ ಬಗ್ಗೆ ನನಗೆ ಇವತ್ತಿಗೂ ದೊಡ್ಡ ಗೌರವ ಇದೆ. ಆಮೇಲೆ ಪತ್ರಿಕೆಯ ಅಂಕಣಕಾರ ರಾಬರ್ಟ್ ಕೇಗನ್ ರಾಜೀನಾಮೆ. ಪತ್ರಿಕೆಯ ಹಿಂದಿನ ಸಂಪಾದಕ ಮಾರ್ಟಿ ಬ್ಯಾರನ್ ಇದನ್ನು ಹೇಡಿತನ ಅಂದರು. ಅಕ್ಟೋಬರ್ 28ಕ್ಕೆ 2 ಲಕ್ಷಕ್ಕೂ ಹೆಚ್ಚು ಓದುಗರು ಚಂದಾ ರದ್ದು ಮಾಡಿದ್ದಾರೆ ಅಂತ ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್ ವರದಿ ಮಾಡಿತು. ಅದೇ ದಿನ ಬೆಜೋಸ್ ಸ್ವತಃ ಲೇಖನ ಬರೆದರು. ಇಂಥ ಬೆಂಬಲದಿಂದ ಚುನಾವಣೆಯ ಫಲಿತಾಂಶ ಬದಲಾಗುವುದಿಲ್ಲ, ಪತ್ರಿಕೆ ಪಕ್ಷಪಾತಿ ಅನ್ನುವ ಭಾವನೆ ಮಾತ್ರ ಹುಟ್ಟುತ್ತದೆ ಅನ್ನುವುದು ಅವರ ವಾದ. ಈ ಬದಲಾವಣೆಯನ್ನು ಇನ್ನೂ ಮುಂಚೆ ಮಾಡಬೇಕಿತ್ತು ಅಂತಲೂ ಒಪ್ಪಿಕೊಂಡರು.

ಇವೆಲ್ಲವನ್ನೂ ನಾನು ಓದಿದ್ದು ಇದೇ ಸಾಲಿನಲ್ಲಿ, ನೆಟ್‌ನ್ಯೂಸ್‌ವೈರ್‌ನಲ್ಲಿ. ಮೊದಲು ಟಿಪ್ಪಣಿ, ಆಮೇಲೆ ವರದಿ, ಆಮೇಲೆ ಪ್ರತಿಕ್ರಿಯೆ, ಕೊನೆಗೆ ಮಾಲೀಕನ ಸಮರ್ಥನೆ. ಹಾಗಾಗಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೇರೆ ಬೇರೆಯಾಗಿಯೇ ಕಂಡವು. ಪತ್ರಿಕೆ ಅಭ್ಯರ್ಥಿಯನ್ನು ಬೆಂಬಲಿಸಲೇಬೇಕಾ ಅನ್ನುವುದು ಒಂದು. ಬೇಕಿಲ್ಲ ಅಂತ ನನ್ನ ಅಭಿಪ್ರಾಯ, ಆ ಮಟ್ಟಿಗೆ ಬೆಜೋಸ್ ವಾದದಲ್ಲಿ ಹುರುಳಿದೆ. ಬರೆದಿಟ್ಟ ಸಂಪಾದಕೀಯವನ್ನು ಚುನಾವಣೆ ಹೊಸ್ತಿಲಲ್ಲಿರುವಾಗ ಮಾಲೀಕ ತಡೆಯಬಹುದಾ ಅನ್ನುವುದು ಇನ್ನೊಂದು. ಖಂಡಿತ ಕೂಡದು. ಆ ಮಾಲೀಕನ ಕಂಪನಿಗಳು ಸರ್ಕಾರದ ಗುತ್ತಿಗೆಗಳಿಗೆ ಕೈಯೊಡ್ಡುವಾಗ ಅಂತೂ ಕೂಡಲೇ ಕೂಡದು. ಚಂದಾ ರದ್ದು ಮಾಡಿದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಆ ಏಟು ಬಿದ್ದದ್ದು ಬೆಜೋಸ್‌ಗಲ್ಲ, ಸತ್ಯ ಬರೆದ ಆ ವರದಿಗಾರರಿಗೆ. ಈ ಮೂರನೆಯ ಮಾತನ್ನು ನಾನು ಹೇಳಿದಾಗ ಎರಡೂ ಕಡೆಯ ಗೆಳೆಯರು ಮುನಿಸಿಕೊಂಡರು. ಪರವಾಗಿಲ್ಲ. ಅದು ಎಲ್ಲಿಂದಲೋ ಎತ್ತಿ ತಂದ ಮಾತಲ್ಲ.

2025ರ ಫೆಬ್ರವರಿಯಲ್ಲಿ ಬೆಜೋಸ್ ಇನ್ನೊಂದು ಪ್ರಕಟಣೆ ಹೊರಡಿಸಿದರು. ಅಭಿಪ್ರಾಯ ಪುಟಗಳು ಇನ್ನು ಮುಂದೆ ವೈಯಕ್ತಿಕ ಸ್ವಾತಂತ್ರ್ಯ ಮತ್ತು ಮುಕ್ತ ಮಾರುಕಟ್ಟೆಯ ಪರವಾಗಿ ಬರೆಯುತ್ತವೆ ಅಂತ. ಆ ಪುಟಗಳ ಸಂಪಾದಕ ಡೇವಿಡ್ ಶಿಪ್ಲಿ ಹೊರನಡೆದರು. ಅಕ್ಟೋಬರ್‌ನಲ್ಲಿ ಸ್ಟಾರ್ ಹಾಕಿಟ್ಟಿದ್ದ ಲೇಖನಗಳನ್ನು ತೆಗೆದು ಮತ್ತೆ ಓದಿದೆ. ಪಕ್ಷಪಾತಿ ಅನ್ನಿಸಿಕೊಳ್ಳಬಾರದು ಅಂದವರೇ ನಾಲ್ಕು ತಿಂಗಳಿಗೆ ಪುಟಗಳಿಗೊಂದು ನಿಲುವು ಕಟ್ಟಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಸ್ಟಾರ್ ಹಾಕಲು ಒಂದೇ ಕೀ, ಎಸ್ ಒತ್ತಿದರಾಯಿತು.

ಆ್ಯಪ್ ನೋಡಲು ಹೇಗಿದೆ ಅಂದರೆ, ಮ್ಯಾಕ್‌ನಲ್ಲಿ ಮೂರು ಭಾಗ. ಎಡಗಡೆ ಫೀಡ್‌ಗಳ ಪಟ್ಟಿ, ನಡುವೆ ತಲೆಬರಹಗಳು, ಬಲಗಡೆ ಲೇಖನ. ಸ್ಪೇಸ್ ಬಾರ್ ಒತ್ತುತ್ತಾ ಹೋದರೆ ಲೇಖನ ಕೆಳಗೆ ಸರಿಯುತ್ತದೆ, ಮುಗಿದ ಮೇಲೆ ಓದದೇ ಉಳಿದ ಮುಂದಿನದು ತಾನೇ ಬರುತ್ತದೆ. ಎಲ್ಲ ಮುಗಿದರೆ ಮುಗಿಯಿತು. ಕೆಳಗೆ ಎಳೆದಷ್ಟೂ ಹೊಸದು ಉಕ್ಕುವ ವ್ಯವಸ್ಥೆ ಇಲ್ಲಿಲ್ಲ. ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಈ ಮುಗಿಯುವಿಕೆ. ವೇಗವೂ ಸೊಗಸಾಗಿದೆ, ಒತ್ತಿದ ಕೂಡಲೇ ತೆರೆಯುತ್ತದೆ.

ನಾನು ಎರಡು ಫೋಲ್ಡರ್ ಮಾಡಿಕೊಂಡಿದ್ದೇನೆ. ಒಂದರ ಹೆಸರು ‘ವರದಿ’, ಇನ್ನೊಂದರ ಹೆಸರು ‘ಮಾತು’. ವರದಿಯಲ್ಲಿ ಸುದ್ದಿಸಂಸ್ಥೆಗಳು, 404 ಮೀಡಿಯಾದಂಥ ತನಿಖಾ ತಾಣಗಳು, ಮಾಧ್ಯಮದ ಆಗುಹೋಗು ಬರೆಯುವ ನೀಮನ್ ಲ್ಯಾಬ್. ಮಾತಿನಲ್ಲಿ 1997ರಿಂದ ಟೆಕ್‌ಡರ್ಟ್ ನಡೆಸುತ್ತಿರುವ ಮೈಕ್ ಮ್ಯಾಸ್ನಿಕ್, 2002ರಿಂದ ಡೇರಿಂಗ್ ಫೈರ್‌ಬಾಲ್ ಬರೆಯುತ್ತಿರುವ ಜಾನ್ ಗ್ರೂಬರ್, ಇನ್ನೂ ಕೆಲವರು. ಇವರೆಲ್ಲ ಖಾರವಾಗಿಯೇ ಬರೆಯುತ್ತಾರೆ, ಅದಕ್ಕೇ ಓದುತ್ತೇನೆ. ಆದರೆ ವರದಿ ಮುಗಿಸದೆ ಮಾತಿನ ಫೋಲ್ಡರ್ ತೆರೆಯುವುದಿಲ್ಲ. ವರದಿ ಓದಿದ ಮೇಲೆ ಮ್ಯಾಸ್ನಿಕ್ ಓದಿದರೆ ಅವರು ಎಲ್ಲಿ ಸರಿ, ಎಲ್ಲಿ ಸ್ವಲ್ಪ ಜಗ್ಗಿದ್ದಾರೆ ಅಂತ ಗೊತ್ತಾಗುತ್ತದೆ. ಮೊದಲೇ ಮ್ಯಾಸ್ನಿಕ್ ಓದಿದರೆ ವರದಿಯಲ್ಲೂ ಅವರ ದನಿಯೇ ಕೇಳಿಸುತ್ತದೆ. ಅವರ ಮೇಲೆ ನನಗೆ ದೂರಿಲ್ಲ, ಅಷ್ಟು ಚೆನ್ನಾಗಿ ಬರೆಯುತ್ತಾರೆ.

‘ಓದುವ ಕೆಲಸ ನಿಮಗೆ ಬೇಡ, ಎಐ ಸಾರಾಂಶ ಕೊಡುತ್ತದೆ’ ಅನ್ನುವವರಿಗೂ ಒಂದು ಮಾತು. 2024ರ ಡಿಸೆಂಬರ್‌ನಲ್ಲಿ ಆ್ಯಪಲ್‌ನ ನೋಟಿಫಿಕೇಶನ್ ಸಾರಾಂಶ ಬಿಬಿಸಿಯ ಹೆಸರಲ್ಲಿ ಶುದ್ಧ ಸುಳ್ಳು ತೋರಿಸಿತು. ಅಮೆರಿಕದ ವಿಮಾ ಕಂಪನಿ ಯುನೈಟೆಡ್ ಹೆಲ್ತ್‌ಕೇರ್‌ನ ಮುಖ್ಯಸ್ಥ ಬ್ರಯಾನ್ ಥಾಂಪ್ಸನ್ ಕೊಲೆ ಪ್ರಕರಣದ ಆರೋಪಿ ತನಗೆ ತಾನೇ ಗುಂಡು ಹೊಡೆದುಕೊಂಡ ಅಂತ. ಅಂಥದ್ದೇನೂ ನಡೆದಿರಲಿಲ್ಲ, ಬಿಬಿಸಿ ಹಾಗೆ ಬರೆದೂ ಇರಲಿಲ್ಲ. ಬಿಬಿಸಿ ದೂರು ಕೊಟ್ಟಿತು. 2025ರ ಜನವರಿಯಲ್ಲಿ ಆ್ಯಪಲ್ ಸುದ್ದಿ ಆ್ಯಪ್‌ಗಳಿಗೆ ಆ ಸಾರಾಂಶವನ್ನು ನಿಲ್ಲಿಸಬೇಕಾಯಿತು. ಇದನ್ನು ಸಣ್ಣ ತಾಂತ್ರಿಕ ದೋಷ ಅಂತ ತಳ್ಳಿಹಾಕಿದವರನ್ನು ನಾನು ಒಪ್ಪುವುದಿಲ್ಲ. ಬೇರೆಯವರ ಹೆಸರಿನ ಕೆಳಗೆ ಅವರು ಹೇಳದ ಮಾತನ್ನು ಹಾಕುವುದು ದೋಷವಲ್ಲ, ಅನ್ಯಾಯ. ನೆಟ್‌ನ್ಯೂಸ್‌ವೈರ್ ತಲೆಬರಹವನ್ನು ಪತ್ರಿಕೆ ಬರೆದ ಹಾಗೆಯೇ ತೋರಿಸುತ್ತದೆ. ಸುದ್ದಿ ತಪ್ಪಾಗಿದ್ದರೆ ಯಾರನ್ನು ಕೇಳಬೇಕು ಅನ್ನುವುದಾದರೂ ಗೊತ್ತಿರುತ್ತದೆ.

ಕೆನಡಾದ್ದನ್ನೂ ಇಲ್ಲಿ ಹೇಳಲೇಬೇಕು. ಫೇಸ್‌ಬುಕ್‌ನ ಒಡೆಯ ಮೆಟಾದಂಥ ದೊಡ್ಡ ಕಂಪನಿಗಳು ಸುದ್ದಿಸಂಸ್ಥೆಗಳಿಗೆ ದುಡ್ಡು ಕೊಡಬೇಕು ಅನ್ನುವ ಕಾನೂನು ಅಲ್ಲಿ ಬಂತು. 2023ರ ಆಗಸ್ಟ್‌ನಲ್ಲಿ ಮೆಟಾ ಅಲ್ಲಿನ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಿಂದ ಸುದ್ದಿಯನ್ನೇ ತೆಗೆದುಹಾಕಿತು. ಕಾನೂನು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಸರ್ಕಾರ ಮತ್ತು ಕಂಪನಿ ಜಗಳಾಡಿದರೆ ಓದುಗರ ಮುಂದಿನ ಪತ್ರಿಕೆ ಮಾಯವಾಗಬಹುದು ಅನ್ನುವುದೇ ನನಗೆ ಸಹಿಸಲಾಗದ ಮಾತು. ಫೀಡ್‌ನಲ್ಲಿ ನಡುವೆ ಯಾರೂ ಇಲ್ಲ. ಪತ್ರಿಕೆ ಹಾಕುತ್ತದೆ, ನಾವು ಓದುತ್ತೇವೆ. ಆರ್‌ಎಸ್‌ಎಸ್ ಅನ್ನುವ ಈ ತಂತ್ರವನ್ನು ನೆಟ್‌ಸ್ಕೇಪ್ 1999ರಲ್ಲಿ ತಂದದ್ದು. ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಹಳೆಯದಾಯಿತು ಅನ್ನುವವರು ಪಾಡ್‌ಕಾಸ್ಟ್ ಕೇಳುವಾಗ ಅದನ್ನೇ ಬಳಸುತ್ತಿರುತ್ತಾರೆ.

ಕೊರತೆಗಳೂ ಇವೆ, ಸಣ್ಣವಲ್ಲ. ದೊಡ್ಡ ಸುದ್ದಿಯೊಂದು ಬಿದ್ದ ದಿನ ಅದೇ ಸುದ್ದಿ ಹತ್ತು ಕಡೆಯಿಂದ ಹತ್ತು ಸಲ ಬರುತ್ತದೆ. ಅವನ್ನು ಒಟ್ಟುಗೂಡಿಸುವ ಬುದ್ಧಿ ಇದಕ್ಕಿಲ್ಲ. ಒಂದು ಪದ ಕೊಟ್ಟು ಅದಿರುವ ಲೇಖನಗಳನ್ನು ಮರೆಮಾಡುವ ಸೌಲಭ್ಯವೂ ಇಲ್ಲ. ಕಂಪನಿಯೊಂದು ಹೊಸ ಫೋನ್ ಬಿಡುಗಡೆ ಮಾಡುವ ವಾರ ಟೆಕ್ ಫೀಡ್‌ಗಳಲ್ಲಿ ಬೇರೇನೂ ಇರುವುದಿಲ್ಲ, ಆಗ ಇದರ ಅಗತ್ಯ ಚೆನ್ನಾಗಿ ಗೊತ್ತಾಗುತ್ತದೆ. ಕೆ ಒತ್ತಿ ಎಲ್ಲವನ್ನೂ ಓದಿದ್ದು ಅಂತ ಗುರುತು ಹಾಕಿ ಮುಂದೆ ಹೋಗಬೇಕು, ಅದರ ಜೊತೆಗೆ ಒಂದೆರಡು ಒಳ್ಳೆಯ ಲೇಖನವೂ ಹೋಗುತ್ತದೆ. ಎಷ್ಟೋ ಪತ್ರಿಕೆಗಳು ಫೀಡ್‌ನಲ್ಲಿ ಎರಡೇ ಸಾಲು ಕೊಡುತ್ತವೆ. ರೀಡರ್ ವ್ಯೂ ಒತ್ತಿದರೆ ಪೂರ್ತಿ ಲೇಖನ ಎಳೆದು ತರಲು ನೋಡುತ್ತದೆ, ಪೇವಾಲ್, ಅಂದರೆ ದುಡ್ಡು ಕೊಟ್ಟವರಿಗೆ ಮಾತ್ರ ತೆರೆಯುವ ಬೇಲಿ, ಇದ್ದರೆ ಅದೂ ಬರುವುದಿಲ್ಲ. ಬರಬಾರದು ಕೂಡ, ಬರೆದವರಿಗೆ ದುಡ್ಡು ಸಿಗಲಿ.

ಮೊದಲನೆಯ ಕೊರತೆಗೆ ನಾನು ಕಂಡುಕೊಂಡ ದಾರಿ ಟೆಕ್‌ಮೀಮ್. ಗೇಬ್ ರಿವೇರಾ 2005ರಲ್ಲಿ ಶುರು ಮಾಡಿದ ತಾಣ ಅದು. ಒಂದು ಸುದ್ದಿಗೆ ಒಂದು ತಲೆಬರಹ, ಅದರ ಕೆಳಗೆ ಬೇರೆ ವರದಿಗಳು, ಯಾರು ಏನಂದರು ಅನ್ನುವುದು. ಮನುಷ್ಯ ಸಂಪಾದಕರು ಕೂತು ತಲೆಬರಹ ತಿದ್ದುತ್ತಾರೆ, ಅದಕ್ಕೇ ಅವು ಅಷ್ಟು ಸ್ಪಷ್ಟ. ರಾಜಕೀಯಕ್ಕೆ ಅವರದೇ ಮೆಮೊರಾಂಡಮ್, ಮಾಧ್ಯಮಕ್ಕೆ ಮೀಡಿಯಾಗೇಜರ್ ಇದೆ. ಇವುಗಳ ಫೀಡನ್ನೂ ನೆಟ್‌ನ್ಯೂಸ್‌ವೈರ್‌ಗೆ ಸೇರಿಸಿದ್ದೇನೆ. ದಿನದ ಗದ್ದಲ ಎಲ್ಲಿದೆ ಅಂತ ಅಲ್ಲಿ ನೋಡಿ, ಓದುವುದನ್ನು ವರದಿ ಫೋಲ್ಡರ್‌ನಲ್ಲಿ ಓದುತ್ತೇನೆ.

ಇನ್ನೊಂದು ಭಯ ಎಲ್ಲರಿಗೂ ಇರುತ್ತದೆ. ಇಷ್ಟಪಟ್ಟು ಹಚ್ಚಿಕೊಂಡ ಮೇಲೆ ಮುಚ್ಚಿಬಿಟ್ಟರೆ? ಗೂಗಲ್ ರೀಡರ್ 2005ರಲ್ಲಿ ಬಂದು 2013ರ ಜುಲೈ 1ಕ್ಕೆ ಬಾಗಿಲು ಹಾಕಿತು. ಅದನ್ನು ನಂಬಿದ್ದವರ ನೋವು ಇನ್ನೂ ಆರಿಲ್ಲ. ನೆಟ್‌ನ್ಯೂಸ್‌ವೈರ್ ಕೂಡ ಕೈಯಿಂದ ಕೈಗೆ ಅಲೆದಿದೆ. ಬ್ರೆಂಟ್ ಸಿಮನ್ಸ್ 2002ರಲ್ಲಿ ಹೊರತಂದದ್ದು, 2005ರಲ್ಲಿ ನ್ಯೂಸ್‌ಗೇಟರ್‌ಗೆ ಹೋಯಿತು, 2011ರಲ್ಲಿ ಬ್ಲ್ಯಾಕ್ ಪಿಕ್ಸೆಲ್‌ಗೆ. 2018ರಲ್ಲಿ ಮತ್ತೆ ಸಿಮನ್ಸ್ ಕೈಗೇ ಬಂತು. 2019ರ ಆಗಸ್ಟ್‌ನಲ್ಲಿ ಹೊಸದಾಗಿ ಬರೆದ 5.0 ಬಂತು, ಮರುವರ್ಷ ಐಫೋನ್‌ಗೂ ಬಂತು. ಈಗ ಅದು ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಸಿಮನ್ಸ್ ಜೊತೆ ಸ್ವಯಂಸೇವಕರು ಸೇರಿ ನಡೆಸುತ್ತಾರೆ, ದೇಣಿಗೆ ಕೊಡುತ್ತೇವೆ ಅಂದರೂ ತೆಗೆದುಕೊಳ್ಳುವುದಿಲ್ಲ. ದುಡ್ಡೇ ಬೇಡ ಅಂದಮೇಲೆ ನಮ್ಮನ್ನು ಕಟ್ಟಿಹಾಕುವ ಉಪಾಯಗಳೂ ಬೇಡ. ಆ್ಯಪ್‌ನ ಪ್ರತಿ ಪರದೆಯಲ್ಲೂ ಅದು ಕಾಣುತ್ತದೆ. ಒಂದು ವೇಳೆ ನಿಂತುಹೋದರೂ ನಿಮ್ಮ ಫೀಡ್‌ಗಳ ಪಟ್ಟಿಯನ್ನು ಒಪಿಎಂಎಲ್ ಅನ್ನುವ ಒಂದೇ ಫೈಲ್ ಆಗಿ ಹೊರತೆಗೆದು ಬೇರೆ ರೀಡರ್‌ಗೆ ಹಾಕಬಹುದು. ಆ ಫೈಲನ್ನು ನಾನು ಆಗಾಗ ತೆಗೆದಿಟ್ಟುಕೊಳ್ಳುತ್ತೇನೆ.

ಆಂಡ್ರಾಯ್ಡ್, ವಿಂಡೋಸ್ ಬಳಸುವವರಿಗೆ ಇದು ಸಿಗುವುದಿಲ್ಲ, ಬೇಸರದ ಸಂಗತಿ. ಅವರು ಇನೋರೀಡರ್ ಅಥವಾ ಫೀಡ್ಲಿ ನೋಡಬಹುದು, ಎರಡೂ ಬ್ರೌಸರ್‌ನಲ್ಲೇ ನಡೆಯುತ್ತವೆ. ಸ್ವಂತ ಸರ್ವರ್ ಇಟ್ಟುಕೊಳ್ಳುವಷ್ಟು ಉತ್ಸಾಹ ಇದ್ದರೆ ಫ್ರೆಶ್‌ಆರ್‌ಎಸ್‌ಎಸ್. ಈ ಮೂರರ ಜೊತೆಗೂ ನೆಟ್‌ನ್ಯೂಸ್‌ವೈರ್ ಸಿಂಕ್ ಆಗುತ್ತದೆ. ಹಾಗಾಗಿ ಮನೆಯಲ್ಲಿ ಮ್ಯಾಕ್, ಜೇಬಲ್ಲಿ ಆಂಡ್ರಾಯ್ಡ್ ಇರುವವರಿಗೂ ತೊಂದರೆಯಿಲ್ಲ. ಶುರುವಿಗೆ ಬಹಳ ಫೀಡ್ ತುಂಬಬೇಡಿ. ನಾಲ್ಕು ವರದಿಯವು, ನಿಮಗೆ ಇಷ್ಟವಾದ ಇಬ್ಬರು ಬರಹಗಾರರು, ನಿಮ್ಮ ಜೊತೆ ಸದಾ ಜಗಳ ಬೀಳುವಂಥ ಒಬ್ಬರು. ಆ ಕೊನೆಯವರನ್ನು ಮಾತ್ರ ಕೋಪ ಬಂತು ಅಂತ ತೆಗೆಯಬೇಡಿ.