ಕೆಂಪು ಗೆರೆ, ಆಟೋಕರೆಕ್ಟ್, ನಿಘಂಟು: ಸ್ಪೆಲಿಂಗ್ ತಿದ್ದಲು ಯಾವುದು?

ಇಂಗ್ಲಿಷಿನಲ್ಲಿ ಉದ್ಯೋಗದ ಅರ್ಜಿ ಬರೆಯುವವರಿಗೆ ಮೂರು ದಾರಿಗಳಿವೆ: ವರ್ಡ್ ಅಥವಾ ಲಿಬ್ರೆಆಫೀಸ್‌ನಂಥ ಬರವಣಿಗೆಯ ತಂತ್ರಾಂಶ ತಪ್ಪು ಪದದಡಿ ಎಳೆಯುವ ಕೆಂಪು ಗೆರೆ, ಮೊಬೈಲಿನ ಆಟೋಕರೆಕ್ಟ್, ನಿಘಂಟು.

ಮೊದಲೆರಡರ ಬುಡ ಒಂದೇ. 1964ರಲ್ಲಿ ಕಂಪ್ಯೂಟರ್ ಸಂಶೋಧಕ ಫ್ರೆಡರಿಕ್ ಡ್ಯಾಮೆರೊ ತೋರಿಸಿಕೊಟ್ಟಂತೆ, ಶೇ 80ಕ್ಕೂ ಹೆಚ್ಚು ತಪ್ಪುಗಳು ನಾಲ್ಕೇ ಬಗೆಯವು: ಒಂದು ಅಕ್ಷರ ಬಿಟ್ಟುಹೋಗಿರುತ್ತದೆ, ಹೆಚ್ಚಾಗಿರುತ್ತದೆ, ಬೇರೆಯಾಗಿರುತ್ತದೆ, ಇಲ್ಲವೇ ಅಕ್ಕಪಕ್ಕದ ಎರಡು ಅದಲುಬದಲಾಗಿರುತ್ತವೆ. ಹಾಗಾಗಿ 'ಅಕಾಮಡೇಷನ್'ನಲ್ಲಿ ಒಂದು ಎಂ ಬಿಟ್ಟರೆ ಎರಡೂ ಥಟ್ಟನೆ ಹಿಡಿಯುತ್ತವೆ. ಆಮೇಲೆ ದಾರಿ ಬೇರೆ. ಕೆಂಪು ಗೆರೆ ಪಟ್ಟಿ ತೋರಿಸಿ ಆಯ್ಕೆಯನ್ನು ನಿಮಗೆ ಬಿಡುತ್ತದೆ. ಆಟೋಕರೆಕ್ಟ್ ತಾನೇ ತೀರ್ಮಾನಿಸುತ್ತದೆ. ಊರಿನ ಹೆಸರನ್ನೂ ಬಿಡದೆ ತಿದ್ದುವ ಅದರ ಅಧಿಕಪ್ರಸಂಗ ಗೆಳೆಯರ ಹರಟೆಗೆ ನಡೆದೀತು, ಅರ್ಜಿಗೆ ಸಲ್ಲದು.

ಬರೆದದ್ದು ಸರಿಯಾದ ಪದವೇ, ಆದರೆ ಬೇಕಾದದ್ದು ಅದಲ್ಲ ಎಂದಾದರೆ? ಕಾಗದ, ಪೆನ್ನುಗಳ 'ಸ್ಟೇಷನರಿ'ಗೆ ಕೊನೆಯಲ್ಲಿ ಇ-ಆರ್-ವೈ; ನಿಂತಲ್ಲೇ ನಿಂತದ್ದಕ್ಕೆ ಎ-ಆರ್-ವೈ. ಕಾಲೇಜಿನ 'ಪ್ರಿನ್ಸಿಪಲ್'ಗೆ ಕೊನೆಯಲ್ಲಿ ಪಿ-ಎ-ಎಲ್; ತತ್ವ ಎಂಬರ್ಥದ 'ಪ್ರಿನ್ಸಿಪಲ್'ಗೆ ಪಿ-ಎಲ್-ಇ. ಬರೀ ಪದಪಟ್ಟಿಯೊಂದಿಗೆ ತಾಳೆ ನೋಡುವ ತಂತ್ರಾಂಶಕ್ಕೆ ಇವೆಲ್ಲವೂ ಸರಿಯೇ. ಸಂದರ್ಭ ಗಮನಿಸುವ ಹೊಸ ತಂತ್ರಾಂಶಗಳು ಕೆಲವೊಮ್ಮೆ ಎಚ್ಚರಿಸುತ್ತವೆ, ಯಾವಾಗಲೂ ಅಲ್ಲ. ಇಲ್ಲಿ ನಿಘಂಟೇ ಗಟ್ಟಿ: ಅರ್ಥವೂ ಬಳಕೆಯ ವಾಕ್ಯವೂ ಒಟ್ಟಿಗೆ ಸಿಗುತ್ತವೆ. ಮುದ್ರಿತ ನಿಘಂಟಿನ ತೊಡಕೆಂದರೆ ಮೊದಲಕ್ಷರ ಗೊತ್ತಿರಬೇಕು. 'ನ್ಯುಮೋನಿಯಾ'ವನ್ನು ಎನ್ ವಿಭಾಗದಲ್ಲಿ ಹುಡುಕುವವರು ಪಿ ತೆರೆಯುವವರೆಗೂ ಪುಟ ತಿರುಗಿಸುತ್ತಲೇ ಇರಬೇಕು.

ಅರ್ಜಿಗೆ ನನ್ನ ಮತ ಕೆಂಪು ಗೆರೆಗೆ, ಅನುಮಾನ ಬಂದ ಪದಕ್ಕೆ ನಿಘಂಟಿನ ಜೊತೆ. ಭಾಷೆಯನ್ನು ಮೊದಲೇ ಭಾರತೀಯ ಅಥವಾ ಬ್ರಿಟಿಷ್ ಇಂಗ್ಲಿಷಿಗೆ ಹೊಂದಿಸಿಕೊಳ್ಳಿ. ಅಮೆರಿಕನ್ ಇಂಗ್ಲಿಷಿನಲ್ಲೇ ಉಳಿದರೆ 'ಕಲರ್'ನ ಯು ಅಕ್ಷರಕ್ಕೂ ಕೆಂಪು ಬೀಳುತ್ತದೆ.